ಕಪ್ಪು ರವಿಕೆಯ ಮೇಲೆ ಹವಳ

ಪಡುವಣದಲ್ಲಿ ಮೋಡ ಏಳುತ್ತಿತ್ತು. ಬೆಳಕು ಹೋದರೆ ತನ್ನ ಗಾಡಿಯೂ ಹೊರಡುತ್ತದೆ ಎಂದು ಪಟ ತೆಗೆಯುವ ಯಾಕಿವ್ ಆಗಲೇ ಹೇಳಿಬಿಟ್ಟಿದ್ದ. ಮಣ್ಣುಹೆಂಟೆಯ ಮನೆಯೆದುರು ಬೆಂಚು ಖಾಲಿ ಬಿದ್ದಿತ್ತು. ತೆಕ್ಲಾ ಗರಿ ಸಿಕ್ಕಿಸಿದ ಟೋಪಿಯೊಂದನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೆ ಅಡ್ಡವಾಗಿ ಅವಳ ಅತ್ತೆ ವರ್ವಾರಾ.

"ಆ ಕೋಳಿ ನಿನ್ನ ತಲೆ ಹತ್ತಿದ್ರೆ ನಾನು ಪಟಕ್ಕೆ ನಿಲ್ಲಲ್ಲ," ಎಂದಳು ಮುದುಕಿ. "ನಿನ್ನ ಮಾವ ಮಣ್ಣಿಗೆ ಹೋಗಿ ವರ್ಷ ತುಂಬಿಲ್ಲ. ಮದುವೆ ಆದೋಳು ತಲೆವಸ್ತ್ರ ಬಿಚ್ಚಿ ದೊರೆಸಾನಿ ಥರ ಮೆರೀತಾಳಂತೆ!"

ಟೋಪಿ ಪಕ್ಕದ ಹೊಲದ ಸ್ಕಾಟ್ ಹೆಂಗಸಿನದು, ಕೇಳಿ ತಂದದ್ದು. ಗಲೀಷಿಯಾದ ಹಳ್ಳಿಯಲ್ಲಿದ್ದ ತೆಕ್ಲಾಳ ತಾಯಿಗೆ ಈ ಕೆನಡಾ ಬಯಲಿನಿಂದ ಅದುವರೆಗೆ ತಲುಪಿದ್ದು ಒಂದೇ ಪಟ: ಮುಚ್ಚಳ ತೆರೆದ ಶವಪೆಟ್ಟಿಗೆಯಲ್ಲಿ ಮಾವ, ಸುತ್ತ ಕಪ್ಪುಟ್ಟ ಮನೆಮಂದಿ. ಸತ್ತವರ ಪಟ ಊರಿಗೆ ಕಳಿಸುವುದು ಅವರ ಪದ್ಧತಿ. ಅದನ್ನು ಕಂಡದ್ದೇ, ಹೊರಡಲು ಗಂಟು ಕಟ್ಟಿದ್ದ ತಂಗಿ ಯುಸ್ತೀನಾಳನ್ನು ತಾಯಿ ತಡೆದುಬಿಟ್ಟಳು. ಜನ ಸಾಯುವ ನಾಡಿಗೆ ಇನ್ನೊಬ್ಬ ಮಗಳನ್ನು ಕೊಡಲಾರೆ ಎಂದು ಹೇಳಿಕಳಿಸಿದಳು.

"ಟೋಪಿ ನೋಡಿದ್ರೆ ಅಮ್ಮ ಅವಳನ್ನ ಕಳಿಸ್ತಾಳೆ, ಅತ್ತೆ. ಉಣ್ಣೋಕೆ ಉಡೋಕೆ ಕಮ್ಮಿ ಇಲ್ಲ ಅಂತ ಗೊತ್ತಾಗತ್ತೆ."

"ಗೊತ್ತಾಗತ್ತೆ, ಮಗಳು ಕೆಟ್ಟಳು ಅಂತ!"

ತೆಕ್ಲಾಳಿಗೆ ತಡೆಯಲಾಗಲಿಲ್ಲ. "ಹಿಮ ಬಿದ್ದ ಮೇಲೆ ನನ್ನ ಹೆರಿಗೆ. ನಿಮ್ಮ ಮಗ ರೈಲುಹಾದಿ ಕೆಲಸದಲ್ಲಿರ್ತಾರೆ. ನಿಮ್ಮ ಕೈ ನೋಡ್ಕೊಳ್ಳಿ, ಸೂಜಿಗೆ ದಾರ ಪೋಣಿಸೋಕಾಗಲ್ಲ. ಯುಸ್ತೀನಾ ಬರದಿದ್ರೆ ಕೂಸನ್ನ ಯಾರು ಹಿಡೀತಾರೆ?"

ವರ್ವಾರಾ ನಡುಗುವ ಕೈಗಳನ್ನು ಸೊಂಟಕ್ಕೆ ಕಟ್ಟಿದ ಮುಂಬಟ್ಟೆಯ ಕೆಳಗೆ ಮುಚ್ಚಿಕೊಂಡಳು. ಒಳಗೆ ಹೋದಳು. ಆಡಿದ ಮಾತನ್ನು ಹಿಂದಕ್ಕೆ ಸೆಳೆದುಕೊಳ್ಳುವಂತಿದ್ದರೆ ಎನಿಸಿತು ತೆಕ್ಲಾಳಿಗೆ. ಇನ್ನು ಅತ್ತೆ ಹೊರಗೇ ಬರುವುದಿಲ್ಲ. ಅತ್ತೆಯಿಲ್ಲದ ಪಟ ಹೋದರೆ ಅವಳೂ ಸತ್ತಳೆಂದೇ ಊರು ತಿಳಿಯುತ್ತದೆ.

"ತಂಗೀ," ಯಾಕಿವ್ ಕೂಗಿದ, "ಮೋಡಕ್ಕೆ ನಿಮ್ಮ ಜಗಳ ಕೇಳಿಸಲ್ಲ!"

ಒಳಗೆ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ವರ್ವಾರಾ ಬಂದಾಗ ಅವಳ ಬೊಗಸೆಯಲ್ಲಿ ಕೆಂಪು ಹವಳದ ಸರಗಳಿದ್ದವು. ಸಾವಾದ ಮನೆಯ ಹೆಂಗಸು ಹವಳ ಮುಟ್ಟುವಂತಿಲ್ಲ. ಕತ್ತಿಗೆ ಹವಳ ಬಿತ್ತೆಂದರೆ ಸೂತಕ ಕಳೆಯಿತೆಂದು ಊರಿಗೆ ಊರೇ ಓದಿಕೊಳ್ಳುತ್ತದೆ.

"ನಿಮ್ಮಮ್ಮನಿಗೆ ಟೋಪಿ ಭಾಷೆ ಎಲ್ಲಿ ಬರತ್ತೆ, ಹುಚ್ಚೀ? ಅದು ಯಾವಳೋ ಪರಕೀಯಳ ಪಟ ಅನ್ಕೋತಾಳೆ. ಇದನ್ನ ಕಟ್ಕೋ. ವರ್ಷ ತುಂಬೋಕೆ ಮುಂಚೆ ತೆಗೆದ ಪಾಪ ನನಗಿರ್ಲಿ."

ತೆಕ್ಲಾ ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಸರಗಳನ್ನು ಸೂತಕದ ಕಪ್ಪು ರವಿಕೆಯ ಮೇಲೆ ಕಟ್ಟಿಕೊಂಡಳು. ಕ್ಯಾಮರಾದ ಕರಿಬಟ್ಟೆಯೊಳಗಿಂದ ತಲೆ ಹೊರಗೆಳೆದ ಯಾಕಿವ್ ಕತ್ತು ಅಲ್ಲಾಡಿಸಿದ.

"ಆಗಲ್ಲ ಅಮ್ಮಾ. ಕೆಂಪು ನನ್ನ ಪಟದ ಗಾಜಿನಲ್ಲಿ ಕಪ್ಪಾಗೇ ಬೀಳತ್ತೆ. ಕಪ್ಪು ರವಿಕೆ ಮೇಲೆ ಹವಳ ಕಾಣೋದೇ ಇಲ್ಲ."

ಮೋಡದ ನೆರಳು ಗೋಧಿ ಕೊಯ್ದ ಹೊಲದಂಚಿಗೆ ಬಂದು ಮುಟ್ಟಿತ್ತು. ಹವಳ ಒಂದು ಮಾತು, ಕಪ್ಪನ್ನೇ ಕಳಚುವುದು ಇನ್ನೊಂದು. ಅದನ್ನು ಅತ್ತೆಯ ಮುಂದೆ ಬಾಯಿಬಿಟ್ಟು ಕೇಳುವ ಧೈರ್ಯ ತೆಕ್ಲಾಳಿಗಿರಲಿಲ್ಲ. ವರ್ವಾರಾ ಗಂಡನ ಸಮಾಧಿಯ ಗುಡ್ಡೆಮಣ್ಣಿನ ಮೇಲಿದ್ದ ಶಿಲುಬೆಯ ಕಡೆ ಒಮ್ಮೆ ನೋಡಿದಳು.

"ಮದುವೆ ಅಂಗಿ ಹಾಕ್ಕೊ. ಆ ಬಿಳಿ ಕಸೂತೀದು."

"ಅತ್ತೆ..."

"ನನ್ನ ಮುಖದಲ್ಲೇನು ನೋಡ್ತೀಯ? ಮೋಡ ನೋಡು! ಓಡು!"

ಅಂಗಿ ಬಸುರಿಗೆ ಬಿಗಿಯಾಯಿತು. ಬಿಳಿಯ ಮೇಲೆ ಸರಗಳು ಸ್ಪಷ್ಟವಾಗಿ ಕಂಡವು. ತೆಕ್ಲಾ ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ತನ್ನ ಕಪ್ಪಿನಲ್ಲೇ ವರ್ವಾರಾ. ಯಾಕಿವ್ ಮಸೂರದ ಮುಚ್ಚಳಕ್ಕೆ ಕೈಹಾಕಿದ.

"ಅಲ್ಲಾಡಬೇಡಿ. ನಗಬೇಡಿ."

"ಇಲ್ಲಿ ನಗೋಳು ಯಾವಳಿದ್ದಾಳೆ," ತುಟಿ ಅಲುಗಿಸದೆ ಗದರಿದಳು ವರ್ವಾರಾ. "ತೆಗಿಯಪ್ಪ."