ಮೂರನೆಯ ನಂಬರು

ಮಣ್ಣು ಮುಗಿದು, ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ, ಸತ್ತ ಗಂಡನ ಫೋನು ಎಂದಿನಂತೆ ಆರಕ್ಕೆ ಸರಿಯಾಗಿ ಬಡಿದುಕೊಂಡಿತು. ಅವಳು ಎದ್ದು ಅಲಾರಂ ಆರಿಸಿದಳು. ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ ದಿನ ಅವನ ಹೆಗಲಲ್ಲಿದ್ದ ಚೀಲ ಬಾಗಿಲ ಹಿಂದೆ ಹಾಗೇ ನೇತಾಡುತ್ತಿತ್ತು. ಡಬ್ಬಿಯಲ್ಲಿನ ಊಟ ಹಳಸಿರಬೇಕು, ತೊಳೆದಿಡೋಣವೆಂದು ಚೀಲವನ್ನು ಬಿಚ್ಚಿದಳು.

ಡಬ್ಬಿಯ ಕೆಳಗೆ ಕಂದು ಹಾಳೆಯ ಹೊದಿಕೆ ಹಾಕಿದ ಒಂದು ಚಿತ್ರದ ಪುಸ್ತಕ. ಚೀಟಿಯ ಮೇಲೆ ಒಂಬತ್ತನೇ ತರಗತಿಯ ಹುಡುಗಿಯ ಹೆಸರು, ಬರಹ ಮಾತ್ರ ಅವನದು. ಪುಸ್ತಕದ ಪಕ್ಕದಲ್ಲಿ, ಗಾಜು ಒಡೆದಿದೆಯೆಂದು ಅವಳು ಕಳೆದ ವರ್ಷ ಮೂಲೆಗಿಟ್ಟಿದ್ದ ಅವಳದೇ ಹಳೆಯ ಫೋನು. ಐದು ದಿನ ಕಳೆದರೂ ಅದರಲ್ಲಿ ಇನ್ನೂ ಚಾರ್ಜಿತ್ತು.

ಅಷ್ಟರಲ್ಲಿ ಹೆಡ್‌ಮಾಸ್ಟರರ ಕರೆ.

"ಮೇಷ್ಟ್ರ ಫೋನ್ ಒಂಚೂರು ಸ್ಕೂಲಿಗೆ ತಂದುಬಿಡಿ ಅಮ್ಮ. ಏನೂ ಅವಸರ ಇಲ್ಲ. ಇವತ್ತೇ ಆದ್ರೆ ಒಳ್ಳೇದು."

ಅವಸರವಿಲ್ಲದ್ದು ಇವತ್ತೇ ಯಾಕೆ ಬೇಕು? ಅವಳು ಅವನ ಫೋನನ್ನು ತೆರೆದಳು.

ಶಾಲೆಯ ನಿಯಮ ಅವಳಿಗೂ ಗೊತ್ತಿತ್ತು. ಮೇಷ್ಟ್ರುಗಳು ಮಕ್ಕಳಿಗೆ ನೇರವಾಗಿ ಮೆಸೇಜು ಹಾಕುವಂತಿಲ್ಲ. ಗ್ರೂಪಿನಲ್ಲಿ ದೊಡ್ಡವರು ಇನ್ನೊಬ್ಬರು ಇರಲೇಬೇಕು. ಆ ನಿಯಮ ಬರೆದವರಲ್ಲಿ ಅವನೂ ಒಬ್ಬ. ಊಟಕ್ಕೆ ಕೂತಾಗ ಅದನ್ನು ಹೇಳಿಕೊಂಡು ಹಿಗ್ಗಿದ್ದ. 'ವಿಜ್ಞಾನ ಸಂದೇಹ' ಎಂಬ ಗ್ರೂಪಿನಲ್ಲಿ ಮೂರೇ ನಂಬರು: ಅವನದು, ಆ ಹುಡುಗಿಯದು, ತನ್ನದೇ ಹಳೆಯದು.

ವಿಜ್ಞಾನ ಮೊದಲ ವಾರಕ್ಕೇ ಮುಗಿದಿತ್ತು. ಆಮೇಲೆ ಅವನದೇ ಮೆಸೇಜುಗಳು: ಇವತ್ತು ಯಾರ ಜೊತೆ ಅಷ್ಟು ನಗ್ತಿದ್ದೆ? ಯಾಕೆ ಉತ್ತರ ಇಲ್ಲ, ಕೋಪಾನಾ? ಮನೇಲಿ ನನ್ನನ್ನ ಅರ್ಥ ಮಾಡ್ಕೊಳ್ಳೋರು ಯಾರೂ ಇಲ್ಲ.

'ಸರ್, ನನ್ನ ಡ್ರಾಯಿಂಗ್ ಪುಸ್ತಕ ಕೊಡಿ. ನೋಡಿ ಕೊಡ್ತೀನಿ ಅಂತ ತಗೊಂಡಿದ್ರಿ.'

'ಮುಂಚಿನ ಹಾಗೆ ಮಾತಾಡು, ಕೊಡ್ತೀನಿ.'

ಅದರ ಕೆಳಗೆ ಹುಡುಗಿ ಬರೆದಿದ್ದಳು: 'ಮೇಡಂ, ನೀವಾದ್ರೂ ಸರ್‌ಗೆ ಹೇಳಿ. ನಂಗೆ ಇದು ಇಷ್ಟ ಇಲ್ಲ. ಅಮ್ಮನ ಟೈಲರ್ ಅಂಗಡಿಗೂ ಬರ್ತಾರೆ, ಭಯ ಆಗತ್ತೆ.'

ಅದಕ್ಕೆ ತನ್ನದೇ ಹಳೆಯ ನಂಬರಿನಿಂದ ಉತ್ತರ ಹೋಗಿತ್ತು. ಮೇಲೆತ್ತಿದ ಒಂದು ಹೆಬ್ಬೆರಳಿನ ಚಿಹ್ನೆ.

ಐದು ದಿನದಿಂದ ಕೊರಡಿನಂತೆ ಕೂತಿದ್ದವಳ ಮೈ ಆಗ ಕಾದಿತು. ಅಳು ಬರಲಿಲ್ಲ. ಡಬ್ಬಿಯನ್ನು ಅನ್ನದ ಸಮೇತ ಕಸಕ್ಕೆ ಎಸೆದಳು.

ಹೆಡ್‌ಮಾಸ್ಟರರ ಮೇಜಿನ ಮೇಲೆ ಅವನ ಫೋಟೋ ಆಗಲೇ ಕಟ್ಟು ಹಾಕಿಸಿಕೊಂಡು ಕೂತಿತ್ತು. ಎಂಥ ಮೇಷ್ಟ್ರು, ಮಕ್ಕಳೆಂದರೆ ಪ್ರಾಣ, ಪ್ರಯೋಗಾಲಯಕ್ಕೆ ಅವರದೇ ಹೆಸರಿಡುತ್ತೇವೆ, ಎಂದೆಲ್ಲ ಅವರು ಹೊಗಳಿದರು. ಸತ್ತ ಎಮ್ಮೆ ಹಂಡೆ ಹಂಡೆ ಹಾಲು ಕರೆಯುತ್ತಿತ್ತು. ಅವಳು ಗ್ರೂಪನ್ನು ತೆರೆದು ಮುಂದೆ ಹಿಡಿದಳು. ಅವರು ಓದಲಿಲ್ಲ. ಓದಿದ್ದವರಿಗೆ ಮತ್ತೆ ಓದುವ ಅಗತ್ಯವೇನು?

"ಆ ಹುಡುಗಿ ತಾಯಿ ಹೋದ ತಿಂಗಳು ಬಂದಿದ್ರಮ್ಮ. ಗ್ರೂಪಲ್ಲಿ ಹೆಂಡ್ತಿ ಎದುರಿಗೇ ಯಾರಾದ್ರೂ ತಪ್ಪು ಮಾಡ್ತಾರಾ ಅಂತ ಸಮಾಧಾನ ಹೇಳಿ ಕಳಿಸಿದ್ವಿ."

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಹೆಬ್ಬೆರಳು ಒತ್ತಿದ್ರಲ್ಲ ನೀವು."

ಅವಳು ಫೋನನ್ನು ಹಿಂದಕ್ಕೆ ಎಳೆದುಕೊಂಡಳು.

"ಸತ್ತವರ ಮೇಲೆ ಕೆಸರು ಯಾಕಮ್ಮ. ಫೋನ್ ಕೊಡಿ, ಎಲ್ಲ ಅಳಿಸಿ ಕೊಡ್ತೀವಿ. ನಿಮ್ಮ ಮರ್ಯಾದೆಗೇ ಹೇಳ್ತಿರೋದು."

"ಬೇಲಿ ಹೊಲ ಮೇಯ್ತು ಸರ್. ನೀವು ಬೇಲಿಗೆ ಹಾರ ಹಾಕೋಕೆ ಹೊರಟಿದ್ದೀರಿ."

ಫೋನನ್ನು, ಜೊತೆಗೆ ತಂದಿದ್ದ ಅವನ ಚೀಲಕ್ಕೆ ಹಾಕಿಕೊಂಡು ಎದ್ದಳು. ಹಿಂದಿನಿಂದ ಅವರು ಕರೆಯುತ್ತಲೇ ಇದ್ದರು.

ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಹಿಂದಿನ ಬೀದಿಯಲ್ಲೇ ಇತ್ತು. ಕೊರಳಿಗೆ ಟೇಪು ಹಾಕಿಕೊಂಡ ಹೆಂಗಸು ಬಟ್ಟೆ ಕತ್ತರಿಸುತ್ತಿದ್ದಳು. ಒಳಗೆ ಹುಡುಗಿ, ಶಾಲೆಯ ಹೊತ್ತಿನಲ್ಲೇ, ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು.

"ಈಗ ಬಂದ್ರಾ ಮೇಡಂ," ಎಂದಳು ತಾಯಿ, ಕತ್ತರಿ ನಿಲ್ಲಿಸದೆ. "ಬನ್ನಿ. ಹೆಬ್ಬೆರಳು ತಂದಿದ್ದೀರಾ?"

"ಅದನ್ನ ಒತ್ತಿದ್ದು ನಾನಲ್ಲ ಅಕ್ಕ. ಫೋನ್ ನಂದು, ಒತ್ತಿದ್ದು ಆ ಮನುಷ್ಯ. ನಂಗೆ ಗೊತ್ತಾಗಿದ್ದು ಇವತ್ತು ಬೆಳಗ್ಗೆ."

"ನನ್ನ ಮಗಳು ಬೈಕೊಂಡಿದ್ದು ನಿಮ್ಮನ್ನ. ಅವನಿಗಿಂತ ಜಾಸ್ತಿ ನಿಮ್ಮನ್ನ. ಸ್ಕೂಲಿನ ಕಡೆ ತಲೆ ಹಾಕಿ ಹತ್ತು ದಿನ ಆಯ್ತು."

"ಬೈಲಿ. ನನ್ನ ನಂಬರನ್ನ ನಂಬಿದ್ದಕ್ಕೆ ಅಷ್ಟಾದ್ರೂ ಬೈಬೇಕು."

ಕತ್ತರಿ ನಿಂತಿತು. ಅವಳು ಎರಡೂ ಫೋನುಗಳನ್ನು ಬಟ್ಟೆಯ ಮೇಲಿಟ್ಟಳು.

"ಒಂದಕ್ಷರ ಅಳಿಸಿಲ್ಲ. ಸ್ಕೂಲಿಗೆ ಬೇಡ, ಪೊಲೀಸಿಗೇ ದೂರು ಕೊಡಿ. ಹೆಡ್‌ಮಾಸ್ಟರ್ ಹೆಸರೂ ಬರೀರಿ. ಸಾಕ್ಷಿಗೆ ನಾನು ಬರ್ತೀನಿ. ಈ ಸಲ ನಾನೇ."

ತಾಯಿ ಕಾಲಿನಿಂದ ಒಂದು ಸ್ಟೂಲನ್ನು ಅವಳ ಕಡೆ ತಳ್ಳಿದಳು. ಅವಳು ಕೂರಲಿಲ್ಲ. ತಾಯಿಯ ಎದುರಿನಲ್ಲೇ, ಚಿತ್ರದ ಪುಸ್ತಕವನ್ನು ಹುಡುಗಿಯತ್ತ ಚಾಚಿದಳು.

"ಆ ಮನುಷ್ಯ ತಗೊಂಡಿದ್ದು. ನಿಂದು."

ಹುಡುಗಿ ಸೂಜಿಯನ್ನು ಅಂಗಿಗೆ ಚುಚ್ಚಿ ಎದ್ದು ಬಂದಳು. ಪುಸ್ತಕ ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿ, ಎಲ್ಲ ಇವೆಯೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕಂದು ಹೊದಿಕೆಯನ್ನು ಅವನ ಬರಹದ ಚೀಟಿಯ ಸಮೇತ ಪರ್ರನೆ ಹರಿದು ತೆಗೆದು, ಬಂದವಳ ಕೈಗಿಟ್ಟಳು.

"ಇದು ನಂದಲ್ಲ."