ತೆರೆದ ಬಟ್ಟಲು

"ಡೆರಿಕ್, ಅದನ್ನ ಈಗ ತೆಗೀಬೇಡ," ಎಂದು ಮೋಮಿ ಗಂಡನ ಮಣಿಕಟ್ಟು ಹಿಡಿದಳು. "ಬಟ್ಟಲು ತೆರೆದಿದೆ."

ನೀಲಿ ಫೈಲನ್ನು ಚೀಲದಿಂದ ಅರ್ಧ ಎಳೆದಿದ್ದ ಡೆರಿಕ್ ಬಟ್ಟಲು ಎಲ್ಲಿದೆಯೆಂದು ಮೇಜಿನ ಮೇಲೆಲ್ಲ ಹುಡುಕಿದ. ಅವನಿಗೆ ಕಂಡದ್ದು ಮೋಮಿಯ ಅಕ್ಕ ಹೌನಾನಿಯ ಮುಂದಿದ್ದ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ಪು, ಅದರ ತಳದಲ್ಲಿ ಎರಡು ಚಮಚ ಪೊಯಿ, ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಬೂದುಬಣ್ಣದ ಅಂಬಲಿ.

"ಇದಾ?"

"ಹ್ಞೂಂ, ಇದೇ. ಪೊಯಿ ಮುಚ್ಚಳ ತೆಗೆದಿರೋವಾಗ ಜಗಳದ ಮಾತು ಎತ್ತಬಾರದು. ಕೆಸು ನಮಗೆಲ್ಲ ಹಿರಿಯಣ್ಣ. ಅಣ್ಣ ಊಟಕ್ಕೆ ಕೂತಾಗ ಯಾರಾದ್ರೂ ಕಿತ್ತಾಡ್ತಾರಾ?"

"ಇಲ್ಲಿ ಯಾರು ಕಿತ್ತಾಡ್ತಿದಾರೆ? ತಕರಾರಿಲ್ಲ ಅಂತ ಬರೀ ಒಂದು ಸಹಿ..."

"ಶ್!"

ಎದುರಿಗಿದ್ದ ಹೌನಾನಿ ಕೇಳಿಸಿಯೂ ಕೇಳದವಳಂತೆ ಎರಡು ಬೆರಳು ಅದ್ದಿ ಪೊಯಿ ನೆಕ್ಕಿದಳು. ಥೂ, ಇದೂ ಒಂದು ಪೊಯಿಯೇ! ಗೆಡ್ಡೆಗಿಂತ ನೀರೇ ಹೆಚ್ಚು. ಮನೆಯಲ್ಲಾಗಿದ್ದರೆ ಇದನ್ನು ನಾಯಿಯ ಮುಂದೂ ಇಡುತ್ತಿರಲಿಲ್ಲ. ಆದರೆ ಈ ಸಂಜೆಯ ಮಟ್ಟಿಗೆ ಅವಳನ್ನು ಕಾಯಲು ಇದ್ದದ್ದು ಅದೊಂದೇ.

ಹೋಟೆಲನ್ನು ಆರಿಸಿದವನು ಡೆರಿಕ್. ವೈಕೀಕಿ ಕಡಲತೀರದ ಮರಳಿಗೆ ತಾಗಿಕೊಂಡಿದ್ದ ಜಾಗ ಅದು. ಮಾಡಿಗೆ ಪ್ಲಾಸ್ಟಿಕ್ ಹುಲ್ಲು, ಬಾಗಿಲ ಎರಡೂ ಕಡೆ ಕಣ್ಣಲ್ಲಿ ಕೆಂಪು ದೀಪ ಉರಿಯುವ ಮರದ ದೇವರುಗಳು, ಬಂದವರ ಕೊರಳಿಗೆಲ್ಲ ಬಟ್ಟೆಯ ಹೂವಿನ ಹಾರ. ಇಲ್ಲಿಂದ ಮೂರನೇ ಕಟ್ಟಡದ ವಸತಿಗೃಹದಲ್ಲಿ ಹೌನಾನಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಾಳೆ. ಒಂದು ದಿನವೂ ಇಲ್ಲಿಗೆ ಉಣ್ಣಲು ಬಂದವಳಲ್ಲ. "ನಮ್ಮೂರೇ ನಮ್ಮೂರಿನ ವೇಷ ಹಾಕ್ಕೊಂಡು ಕೂತಿದೆಯಲ್ಲೇ!" ಎಂದು ಒಳಗೆ ಬರುವಾಗ ಅವಳು ಅಂದದ್ದಕ್ಕೆ ಕವೇನಾ ಬಿದ್ದು ಬಿದ್ದು ನಕ್ಕಿದ್ದಳು.

ಆ ಕವೇನಾಗೆ ಇವತ್ತು ಎಂಟು ತುಂಬಿತು. ಹೆತ್ತವಳು ಮೋಮಿ, ಸಾಕಿದವಳು ಹೌನಾನಿ. ಅದೇನೂ ಗುಟ್ಟಲ್ಲ. ಮಗು ಒಬ್ಬಳನ್ನು ಅಮ್ಮ ಎನ್ನುತ್ತಿತ್ತು, ಇನ್ನೊಬ್ಬಳನ್ನು ಮೋಮಿಯಮ್ಮ. ಹೆರಿಗೆಯಾದ ದಿನ ಮೋಮಿ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಹಿಂದಿನವರು ಹೇಳುತ್ತಿದ್ದ ಮಾತನ್ನೇ ಹೇಳಿದ್ದಳು: "ಕೂಸು ನಿಂದು ಅಕ್ಕ, ಹೇಲು ಕರುಳು ಸಮೇತ." ಆ ಮಾತು ಆಡಿದ ಮೇಲೆ ಮುಗಿಯಿತು, ಹಿಂದಕ್ಕೆ ಕೇಳುವ ಹಾಗಿಲ್ಲ. ಆಗಿನ್ನೂ ಬದುಕಿದ್ದ ಹೌನಾನಿಯ ಗಂಡ, ಒಂದು ಕಾಗದ ಮಾಡಿಸಿಟ್ಟುಕೊಳ್ಳೋಣ ಅಂದಿದ್ದ. ಹೌನಾನಿ ಅವನ ಮೇಲೆ ಎಗರಿ ಬಿದ್ದಿದ್ದಳು. "ತಂಗಿ ಬಾಯಿಂದ ಬಂದ ಮಾತಿಗೆ ಕಾಗದ ಕೇಳ್ತಾರೇನ್ರೀ? ನಾಚಿಕೆ ಆಗಲ್ವಾ?"

ಈಗ ಆ ಕಾಗದ ಇಲ್ಲ. ಡೆರಿಕ್‌ನನ್ನು ಕಟ್ಟಿಕೊಂಡು ಕಡಲಾಚೆಯ ಸ್ಯಾಕ್ರಮೆಂಟೋದಲ್ಲಿ ಮನೆ ಮಾಡಿರುವ ಮೋಮಿ ಮಗಳನ್ನು ಕರೆದೊಯ್ಯಲು ಬಂದಿದ್ದಾಳೆ. ಕಾನೂನಿನ ಕಣ್ಣಿಗೆ ಹೌನಾನಿ ಬರೀ ದೊಡ್ಡಮ್ಮ. ಜಗಳಕ್ಕೆ ನಿಲ್ಲೋಣವೆಂದರೆ ಅದಕ್ಕೂ ಧೈರ್ಯವಿಲ್ಲ. ಕೊಟ್ಟವರೂ ಕೊಂಡವರೂ ಕಿತ್ತಾಡಿದರೆ ಮಗು ಕಾಯಿಲೆ ಬೀಳುತ್ತದೆ ಎಂಬುದನ್ನು ಅಕ್ಕತಂಗಿಯರಿಬ್ಬರೂ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು. ಹಾಗಾಗಿ ಹೌನಾನಿ ಪೊಯಿ ತರಿಸುತ್ತಲೇ ಇದ್ದಳು. ಮಗು ಮೇಜು ಬಿಟ್ಟು ಏಳದಿರಲೆಂದು ಅದು ಕೇಳಿದ್ದನ್ನೆಲ್ಲ ತರಿಸಿದಳು. ಮೂರು ಲೋಟ ಅನಾನಸ್ ಶರಬತ್ತು, ಎರಡು ತಟ್ಟೆ ತೆಂಗಿನಹಾಲಿನ ಹಲ್ವ, ಅದರ ಮೇಲೊಂದು ಐಸ್‌ಕ್ರೀಮು.

"ಇನ್ನೊಂದು ಪೊಯಿ ಕೊಡಮ್ಮ."

ಹುಲ್ಲಿನ ಲಂಗ ತೊಟ್ಟು ಬಡಿಸುತ್ತಿದ್ದ ಹುಡುಗಿ ಕಣ್ಣರಳಿಸಿದಳು. "ಇದು ಐದನೇದು! ಇಲ್ಲಿಗೆ ಬರೋರು ಒಂದನ್ನೇ ಮೂಸಿ ನೋಡಿ ಬಿಟ್ಟುಹೋಗ್ತಾರೆ."

"ನನ್ನ ನಾಲಿಗೆ ಸತ್ತುಹೋಗಿದೆ, ನೀನು ತಗೊಂಡು ಬಾ."

ಅಷ್ಟರಲ್ಲಿ ವೇದಿಕೆಯ ಮೇಲಿನವನು ಹುಟ್ಟುಹಬ್ಬದ ಮಕ್ಕಳೆಲ್ಲ ಕುಣಿಯಲು ಬನ್ನಿರೆಂದು ಕೂಗಿದ. ಹೌನಾನಿ "ಬೇಡ ಕಣೇ" ಎನ್ನುವುದರೊಳಗೆ ಕವೇನಾ ಓಡಿಯಾಗಿತ್ತು. ಹುಡುಗಿ ಐದನೆಯ ಕಪ್ಪು ತಂದಿಟ್ಟಳು. ಹೌನಾನಿ ಕೈ ಚಾಚುವ ಮೊದಲೇ ಮೋಮಿ ಅದನ್ನು ತನ್ನತ್ತ ಎಳೆದುಕೊಂಡಳು. ಖಾಲಿಯಾಗದ ನಾಲ್ಕನೆಯದಕ್ಕೂ ಮುಚ್ಚಳ ಒತ್ತಿದಳು.

"ಮುಚ್ಚಿದೀನಿ ಅಕ್ಕ. ಈಗ ಕೇಳು."

"ನಂಗೆ ಹಸಿವಿದೆ."

"ನಿಂಗೇನೂ ಹಸಿವಿಲ್ಲ. ಜೂನ್‌ಗೆ ಶಾಲೆ ಮುಗಿಯುತ್ತೆ. ಅವಳನ್ನ ಕರ್ಕೊಂಡು ಹೋಗ್ತೀನಿ."

"ಕೊಟ್ಟು ಇಸ್ಕೊಳ್ಳೋಕೆ ಅವಳೇನು ಪಾತ್ರೆನಾ?"

"ನಂಗಾಗ ಇಪ್ಪತ್ತೊಂದು ವರ್ಷ ಕಣೇ! ಕೆಲಸ ಇಲ್ಲ, ಇರೋಕೆ ಒಂದು ಸೂರಿಲ್ಲ..."

"ಈಗ ಎಲ್ಲಾ ಆಯ್ತು, ಮಗಳೊಂದು ಕಮ್ಮಿ ಇತ್ತು! ಹಲ್ಲು ಬರೋವಾಗ ಎಲ್ಲಿದ್ದೆ ನೀನು? ಕೆಮ್ಮಿ ಕೆಮ್ಮಿ ನೀಲಿಗಟ್ಟಿದಾಗ ಎಲ್ಲಿದ್ದೆ? ಗಿಡಕ್ಕೆ ನೀರು ಹೊತ್ತು ಸೊಂಟ ಬಿದ್ದೋಗಿದ್ದು ನಂದು, ಹಣ್ಣು ನಿಂಗಾ?"

"ದಿನಾ ಅತ್ತಿದೀನಿ ಅಕ್ಕ. ದಿನಾ. ನಿಂಗೆ ಫೋನ್ ಮಾಡಿ ನಗ್ತಾ ಮಾತಾಡಿ, ಆಮೇಲೆ ಅತ್ತಿದೀನಿ."

"ಇಬ್ರೂ ಸ್ವಲ್ಪ ನಿಧಾನವಾಗಿ..." ಎಂದ ಡೆರಿಕ್.

"ನೀನು ಸುಮ್ನಿರು!" ಎಂದರು ಇಬ್ಬರೂ.

"ಕೋರ್ಟಿಗೆ ಹೋಗ್ತೀಯಾ? ಹೋಗು," ಎಂದಳು ಹೌನಾನಿ. "ಇಡೀ ಕೇರಿಯೇ ಬಂದು ನನ್ನ ಕಡೆ ಸಾಕ್ಷಿ ಹೇಳುತ್ತೆ."

"ಹೋಗೇ ಹೋಗ್ತೀನಿ. ನೋಡೇಬಿಡೋಣ!"

ಆ ಮಾತು ಮುಗಿದಾಗ ಇಬ್ಬರೂ ಒಟ್ಟಿಗೆ ವೇದಿಕೆಯ ಕಡೆ ನೋಡಿದರು. ಉಳಿದ ಮಕ್ಕಳು ಸೊಂಟ ಕುಣಿಸುತ್ತಿದ್ದರು. ಕವೇನಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಿಂತುಬಿಟ್ಟಿದ್ದಳು. ಮುಖ ಬಿಳಿಚಿಹೋಗಿತ್ತು. ಮೇಜಿನ ಅಂಚು ಹಿಡಿದು ಹೌನಾನಿ ಮಂಡಿ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಮೋಮಿ ಚಪ್ಪಲಿ ಎಸೆದು, ಅಡ್ಡ ಬಂದ ಕುರ್ಚಿ ತಳ್ಳಿ ಓಡಿಹೋಗಿದ್ದಳು.

"ಶರಬತ್ತು ಜಾಸ್ತಿ ಆಯ್ತು ಅಷ್ಟೇ," ಎಂದು ಡೆರಿಕ್ ಹಿಂದಿನಿಂದ ಹೇಳುತ್ತಿದ್ದ. ಅವನು ಹೇಳಿದ್ದು ನಿಜವೇ ಇರಬಹುದು. ಆದರೆ ಅಕ್ಕತಂಗಿಯರ ಕಿವಿಗೆ ಅದು ಹೋಗಲಿಲ್ಲ.

ಹೌನಾನಿ ತಲುಪಿದಾಗ ಮಗು ವಾಂತಿ ಮಾಡಿಕೊಂಡಾಗಿತ್ತು. ಮೋಮಿ ಬೊಗಸೆಯಲ್ಲಿ ಅದನ್ನು ಹಿಡಿದಿದ್ದಳು. ಎಲ್ಲಿ ಚೆಲ್ಲಬೇಕೆಂದು ತಿಳಿಯದೆ, ಫೋಟೋ ತೆಗೆಯುತ್ತಿದ್ದ ಪ್ರವಾಸಿಗರ ನಡುವೆ ಮೊಣಕಾಲೂರಿ ಕೂತಿದ್ದಳು. ತೋಳಿನಿಂದ ಸೋರಿ ಹೊಸ ಉಡುಪೆಲ್ಲ ಒದ್ದೆಯಾಗಿತ್ತು.

"ಅಕ್ಕಾ, ಇನ್ನು ಮಾತಾಡಲ್ಲ ನಾನು," ಎಂದಳು, ಬಿಕ್ಕುತ್ತ. "ಏನೂ ಕೇಳಲ್ಲ. ನಿನ್ನ ಹತ್ರಾನೇ ಇರ್ಲಿ. ಇವಳಿಗೇನೂ ಆಗ್ದೇ ಇದ್ರೆ ಸಾಕು. ಹೇಳಕ್ಕ, ಏನೂ ಆಗಲ್ಲ ಅಂತ ಹೇಳು."

"ಏನೂ ಆಗಲ್ಲ, ಏಳು," ಎಂದಳು ಹೌನಾನಿ.

ಮರಳಿನಂಚಿನಲ್ಲಿ, ಈಜಿ ಬಂದವರು ಮೈ ತೊಳೆದುಕೊಳ್ಳುವ ನಲ್ಲಿಯ ಕೆಳಗೆ ಮಗುವನ್ನು ನಿಲ್ಲಿಸಿದರು. ಹೊತ್ತು ಮುಳುಗುತ್ತಿತ್ತು. ಹೊಟ್ಟೆ ಹಗುರಾಗಿ ಕವೇನಾಳ ಬಣ್ಣ ಮರಳಿತ್ತು, ನನ್ನ ಕೇಕ್ ಎಲ್ಲಿ ಎಂದು ಆಗಲೇ ಕೇಳುತ್ತಿದ್ದಳು. ಮೋಮಿ ಅವಳ ಕತ್ತು, ಗಲ್ಲ, ಬೆರಳ ಸಂದಿಗಳನ್ನು ತೊಳೆಯುತ್ತಿದ್ದಳು. ಇನ್ನು ಮುಂದೆ ಸಿಗಲಾರದ ಕೆಲಸವೆಂಬಂತೆ ನಿಧಾನವಾಗಿ ತೊಳೆಯುತ್ತಿದ್ದಳು.

ಹೌನಾನಿ ಒಂದು ಮಾರು ದೂರ ನಿಂತಿದ್ದಳು. ಗೆದ್ದಿದ್ದಳು. ಮಗು ಅವಳದೇ ಆಗಿ ಉಳಿಯಿತು, ಕಾಗದವೂ ಬೇಕಾಗಲಿಲ್ಲ. ಖುಷಿಯಾಗಬೇಕಿತ್ತು. ಆದರೆ ಅವಳ ಕಣ್ಣು ಮೋಮಿಯ ಕೈಗಳನ್ನು ಬಿಟ್ಟು ಕದಲಲಿಲ್ಲ.

"ಎಡಗಿವಿಗೆ ನೀರು ಬಿಡಬೇಡ," ಎಂದಳು ಕೊನೆಗೆ. "ತಣ್ಣೀರು ಹೋದ್ರೆ ರಾತ್ರಿಯೆಲ್ಲ ಸೆಳೆತ ಅವಳಿಗೆ."

ಮೋಮಿ ತಟಕ್ಕನೆ ಅಂಗೈಯಿಂದ ಮಗುವಿನ ಕಿವಿ ಮುಚ್ಚಿದಳು.

"ಮೈ ಸರಿಯಿಲ್ಲದಿದ್ರೆ ಅಳಲ್ಲ ಇವಳು. ಮಾತು ನಿಲ್ಲಿಸಿಬಿಡ್ತಾಳೆ. ಸುಮ್ನಾದ್ಳು ಅಂದ್ರೆ ಹಣೆ ಮುಟ್ಟಿ ನೋಡು."

ಮೋಮಿ ತಲೆಯೆತ್ತಿದಳು.

"ಅಲ್ಲಿ ಚಳಿ ಅಂತೀಯಲ್ಲ," ಹೌನಾನಿ ಸಮುದ್ರದ ಕಡೆ ನೋಡುತ್ತಿದ್ದಳು. "ಕಾಲುಚೀಲ ಹಾಕಿ ಮಲಗಿಸಿದ್ರೆ ಕಿತ್ತು ಬಿಸಾಡ್ತಾಳೆ. ನಿದ್ದೆ ಹತ್ತಿದ್ಮೇಲೆ ಹಾಕು."

ಇಷ್ಟು ಹೊತ್ತಿಗೆ ನೀರು ನಿಂತುಹೋಗಿತ್ತು. ಅದು ಒತ್ತಿದರೆ ಸ್ವಲ್ಪ ಹೊತ್ತು ಸುರಿದು ತಾನಾಗಿ ನಿಲ್ಲುವ ನಲ್ಲಿ. ಮೋಮಿಯ ಒಂದು ಕೈ ಮಗುವಿನ ಕಿವಿಯ ಮೇಲಿತ್ತು, ಇನ್ನೊಂದು ಬೆನ್ನ ಮೇಲೆ. ಹೌನಾನಿ ಮುಂದೆ ಬಂದು, ಬಾಗಿ, ನಲ್ಲಿಯ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.