ಸಾಕ್ಷಿಗೆ ನಿಂತ ಮೀನುಗಳು

ಗುರುವಾರ ಬಂತೆಂದರೆ ಖಾನಾಪುರದ ಅಮೀನಸಾಬ ಹೊತ್ತು ಹುಟ್ಟುವ ಮೊದಲೇ ಮಲಪ್ರಭೆಗೆ ಬಲೆ ಬೀಸುತ್ತಿದ್ದ. ಗೇಣುದ್ದದ ಇಪ್ಪತ್ತೊಂದು ಮೀನು ಬೇಕು, ಎಲ್ಲವೂ ಜೀವಂತ. ಹಾಲಿನ ಕ್ಯಾನಿನಲ್ಲಿ ಹೊಳೆಯ ನೀರು ತುಂಬಿ, ಮೀನು ಬಿಟ್ಟು, ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದ. ಮೀನಿಗೆ ಉಸಿರು ಕಟ್ಟಬಾರದೆಂದು ಬೆಳಗಾವಿ ಬರುವವರೆಗೆ ಕೈಯಿಂದ ನೀರು ಕಲಕುತ್ತಲೇ ಇರುತ್ತಿದ್ದ. ಅಲ್ಲಿಂದ ಅನಗೋಳದ ಆಚೆಗಿನ ಕಾರಖಾನೆಗೆ ಟಾಂಗಾ. ಕಬ್ಬಿಣದ ನಲ್ಲಿ, ಸೈಕಲ್ ಹ್ಯಾಂಡಲ್‌ಗಳಿಗೆ ನಿಕ್ಕಲ್ ಲೇಪ ಕೊಟ್ಟು ಕನ್ನಡಿಯ ಹಾಗೆ ಹೊಳೆಯಿಸುವ ಕಾರಖಾನೆ ಅದು. ಅಲ್ಲಿನ ಮ್ಯಾನೇಜರ್ ಸಾಹೇಬರು ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಪೈಕಿ. ಅಂಥವರಿಗೆ ವಾರ ವಾರ ಇಪ್ಪತ್ತೊಂದು ಮೀನು ಯಾಕೆ ಬೇಕೆಂದು ಅಮೀನಸಾಬ ಹನ್ನೊಂದು ತಿಂಗಳು ಕೇಳಲೇ ಇಲ್ಲ. ದೊಡ್ಡವರ ವಿಷಯದಲ್ಲಿ ಮೂಗು ತೂರಿಸದೆ ಇರುವುದೇ ಜಾಣತನ ಎಂದುಕೊಂಡಿದ್ದ, ಪುಣ್ಯಾತ್ಮ.

ಕೇಳದಿರಲು ಇನ್ನೊಂದು ಕಾರಣವೂ ಇತ್ತು. ಅವನ ಒಬ್ಬಳೇ ಮಗಳು ಜೋಹರಾಳನ್ನು ಕೊಟ್ಟದ್ದು ಆ ಕಾರಖಾನೆಯ ಹಿಂದಿನ ಓಣಿಗೇ. ಮೀನು ಕೊಟ್ಟು ಬರುವಾಗ ಮಗಳ ಮುಖ ನೋಡಿ ಬರಬಹುದಿತ್ತು. ಈಗ ಅವಳಿಗೆ ಏಳು ತಿಂಗಳು. ಹಿಂದೆ ಎರಡು ಸಲ ನಿಂತ ಬಸಿರು ಉಳಿದಿರಲಿಲ್ಲ. ಈ ಸಲವಾದರೂ ಕೂಸು ಕೈಗೆ ಬರಲಿ ಎಂದು ಅಮೀನಸಾಬ ಕಂಡ ಕಂಡ ದರ್ಗಾಕ್ಕೆಲ್ಲ ಹರಕೆ ಹೊತ್ತಿದ್ದ.

ಆ ಓಣಿಗೆಲ್ಲ ಇದ್ದದ್ದು ಒಂದೇ ಬಾವಿ, ಶಿವಲಿಂಗವ್ವನ ಹಿತ್ತಲಿನದು. ಕಾರಖಾನೆ ಸುರುವಾದ ಮೊದಲ ಬೇಸಿಗೆಯಲ್ಲೇ ಆ ನೀರಿಗೆ ತುಕ್ಕಿನ ರುಚಿ ಬಂದಾಗ ಹೆಂಗಸರು ಕಾರಖಾನೆಯ ಬಾಗಿಲಿಗೆ ಹೋಗಿ ಕೂಗಾಡಿದ್ದರು. ಮ್ಯಾನೇಜರ್ ಸಾಹೇಬರು ಸಿಟ್ಟಾಗಲಿಲ್ಲ. ಎಲ್ಲರನ್ನೂ ಒಳಗೆ ಕರೆದು, ಚಹಾ ಕುಡಿಸಿ, ಹೂವಿನ ಮಡಿಗಳ ನಡುವಿನ ಸಿಮೆಂಟಿನ ಹೊಂಡ ತೋರಿಸಿದರು. ಕಾರಖಾನೆಯ ನೀರೆಲ್ಲ ಶುದ್ಧವಾಗಿ ಈ ಹೊಂಡಕ್ಕೆ ಬಂದು, ಆಮೇಲೆ ನಾಲೆಗೆ ಹೋಗುತ್ತದೆ ಎಂದರು. ಹೊಂಡದ ತುಂಬ ಮೀನು ಓಡಾಡುತ್ತಿದ್ದವು. ಪಕ್ಕದಲ್ಲಿ ಹಸಿರು ಬೋರ್ಡು: 'ಇಲ್ಲಿ ಮೀನು ಬದುಕಿದೆ. ನಮ್ಮ ನೀರು ನಿರ್ಮಲ.' ಹೋಗುವಾಗ ಪ್ರತಿಯೊಬ್ಬರಿಗೂ ಎಲೆಯ ಚಿತ್ರ ಕೊರೆದ, ಫಳಫಳ ಹೊಳೆಯುವ ಒಂದೊಂದು ಲೋಟ ಕೊಟ್ಟರು. ಆದರೂ ಅನುಮಾನಪಡುತ್ತಿದ್ದ ಹೆಂಗಸರನ್ನು ಒಪ್ಪಿಸಿದವಳು ಜೋಹರಾ.

"ಅವು ನಮ್ಮ ಅಬ್ಬಾ ತಂದ ಹೊಳಿ ಮೀನರಿ. ಹೆಂಗ ಆಡಾಕತ್ತಾವ ನೋಡ್ರಿ! ಕೆಟ್ಟ ನೀರಾಗಿದ್ರ ಬದುಕ್ತಿದ್ವೇನ?" ಎಂದಿದ್ದಳು.

ಓಣಿ ಮತ್ತೆ ಆ ಬಾವಿಯ ನೀರು ಸೇದತೊಡಗಿತು. ಮಗಳು ಇದನ್ನು ಹೇಳಿದಾಗ ಅಮೀನಸಾಬ ಉಬ್ಬಿಹೋಗಿದ್ದ.

ಹನ್ನೊಂದು ತಿಂಗಳ ಮೇಲೆ ಒಂದು ಗುರುವಾರ, ಮೀನು ಬಿಟ್ಟು ಸುಮ್ಮನೆ ನಿಂತಾಗ ಅವನಿಗೆ ಹೊಳೆಯಿತು. ಇಷ್ಟು ವಾರ ತಂದು ಬಿಟ್ಟ ಮೀನು ಹೊಂಡದಲ್ಲಿ ಒಂದರ ಮೇಲೊಂದು ಬೀಳಬೇಕಿತ್ತು. ಎಣಿಸಿ ನೋಡಿದರೆ ಇಪ್ಪತ್ತೊಂದೇ. ಹೂದೋಟ ನೋಡಿಕೊಳ್ಳುವ ಮಾಲಿ ದುಂಡಪ್ಪನನ್ನು ಕೇಳಿದ. ದುಂಡಪ್ಪ ಕಣ್ಸನ್ನೆ ಮಾಡಿ ಗೋಡೆಯ ಹಿಂದಕ್ಕೆ ಕರೆದೊಯ್ದ.

ಅಲ್ಲಿ ಆಳೆತ್ತರದ ಒಂದು ಗುಂಡಿ. ತಳದಲ್ಲಿ ಮೀನು, ಅದರ ಮೇಲೆ ಮೀನು, ಅದರ ಮೇಲೂ ಮೀನು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ನೊಣ ಇರಲಿಲ್ಲ, ಇರುವೆ ಇರಲಿಲ್ಲ. ಗೋಡೆಯ ಮೇಲೆ ಕೂತ ಎರಡು ಕಾಗೆಗಳು ಗುಂಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಮೀನಸಾಬ ಮೂವತ್ತು ವರ್ಷ ಮೀನು ಮಾರಿದವನು, ಕೊಳೆತ ಮೀನಿನ ವಾಸನೆ ಅವನಿಗೆ ಹೊಸದಲ್ಲ. ಆದರೆ ಅಲ್ಲಿ ವಾಸನೆಯೇ ಇರಲಿಲ್ಲ. ಒಂದೂ ಕೊಳೆತಿರಲಿಲ್ಲ.

"ಶುಕ್ರವಾರ ಸಂಜೀಕ ಎಲ್ಲಾ ಸಾಯ್ತಾವ್ರಿ ಸಾಬರ," ಎಂದ ದುಂಡಪ್ಪ ಪಿಸುದನಿಯಲ್ಲಿ. "ಮಂದಿ ನೋಡಾಕ ಬರೋದು ಗುರುವಾರ ಒಂದ ದಿನ."

ಅವತ್ತು ಅಮೀನಸಾಬ ಮಗಳ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು? ಗಾಡಿಯಲ್ಲಿ ಖಾಲಿ ಕ್ಯಾನನ್ನು ತೊಡೆಯ ನಡುವೆ ಇಟ್ಟುಕೊಂಡು ಕುಳಿತ. ತಾನು ಹೇಳಿದರೂ ಓಣಿ ನಂಬುವುದಿಲ್ಲ, ಕಣ್ಣಾರೆ ತೋರಿಸಬೇಕು ಅಂದುಕೊಂಡ. ಮುಂದಿನ ಗುರುವಾರ ಬೆಂಗಳೂರಿನಿಂದ ದೊಡ್ಡ ಅತಿಥಿಗಳು, ಪತ್ರಿಕೆಯವರು ಬರುವವರಿದ್ದರು. ಅವತ್ತು ಬೇಕೆಂದೇ ತಡಮಾಡಿ ಹೋದರೆ ಹೊಂಡ ಖಾಲಿ ಇರುತ್ತದೆ, ಸಾಹೇಬರ ಬಣ್ಣ ತಾನಾಗಿಯೇ ಬಯಲಾಗುತ್ತದೆ. ಲೆಕ್ಕಾಚಾರ ಏನೋ ಚೆನ್ನಾಗಿಯೇ ಇತ್ತು.

ಆ ಗುರುವಾರ ಎರಡನೆಯ ಗಾಡಿಗೆ ಹೊರಟು, ಕ್ಯಾನಿನಲ್ಲಿ ಜೀವಂತ ಮೀನು ಹಿಡಿದುಕೊಂಡೇ ಕಾರಖಾನೆಯೊಳಗೆ ಕಾಲಿಟ್ಟ. ಅತಿಥಿಗಳು ಹೊಂಡದ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವನು ಅವರ ಸಂದಿಯಿಂದ ಇಣುಕಿದ. ಹೊಂಡದಲ್ಲಿ ಮೀನು ಈಜುತ್ತಿದ್ದವು. ಇಪ್ಪತ್ತೊಂದು.

ಅವನು ತರದ ಮೀನು ಎಲ್ಲಿಂದ ಬಂದವು? ಅಮೀನಸಾಬ ಕಣ್ಣು ಕೀಲಿಸಿ ನೋಡಿದ. ಎಲ್ಲವೂ ಒಂದೇ ಕಡೆಗೆ, ಒಂದೇ ಓಟದಲ್ಲಿ, ಸುತ್ತು ಸುತ್ತು ಹೋಗುತ್ತಿದ್ದವು. ಒಂದೂ ತಿರುಗುತ್ತಿರಲಿಲ್ಲ, ತಳಕ್ಕೆ ಇಳಿಯುತ್ತಿರಲಿಲ್ಲ. ಒಂದರ ಕಿವಿರೂ ಅಲುಗುತ್ತಿರಲಿಲ್ಲ. ಎಲ್ಲೋ ಕೆಳಗೆ ಪಂಪು ನೀರು ತಿರುಗಿಸುತ್ತ ಗುಂಯ್ ಅನ್ನುತ್ತಿತ್ತು. ಜನರು ಚಹಾಕ್ಕೆ ಹೋದದ್ದೇ ಅವನು ತೋಳು ಇಳಿಬಿಟ್ಟು ಒಂದನ್ನು ಎತ್ತಿದ. ಮೀನು ಕಟ್ಟಿಗೆಯ ಹಾಗೆ ಸೆಟೆದಿತ್ತು. ಹೊಟ್ಟೆಗೆ ಗೋಣಿದಾರದ ಹೊಲಿಗೆ. ಒಳಗೆ, ಮಗುಚಿ ತೇಲದ ಹಾಗೆ, ಸೀಸದ ಗುಂಡು.

"ನೀವು ಬರಲಿಲ್ಲಂತ ಸಾಹೇಬರು ಗುಂಡ್ಯಾಗಿಂದ ತಗಿಸಿದ್ರು. ಹೊಲಿದಾಂವ ನಾನ ರೀ," ಎಂದ ಹಿಂದೆ ಬಂದು ನಿಂತ ದುಂಡಪ್ಪ. ಅಂಗೈಗಳನ್ನು ಧೋತರಕ್ಕೆ ಒರೆಸುತ್ತಲೇ ಇದ್ದ. "ಮನಿಗೆ ಹೋಗಿ ಈ ಕೈಲೆ ಹೆಂಗ ಉಣ್ಣಲಿ ಹೇಳ್ರಿ."

ಅಮೀನಸಾಬ ಸತ್ತ ಮೀನನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು, ಜೀವಂತ ಮೀನಿನ ಕ್ಯಾನು ಎತ್ತಿಕೊಂಡು, ಓಡುತ್ತಲೇ ಓಣಿಗೆ ಬಂದ. ಬಾವಿಯ ಹತ್ತಿರ ಜೋಹರಾ, ಶಿವಲಿಂಗವ್ವ, ಇನ್ನೂ ನಾಲ್ಕಾರು ಹೆಂಗಸರು ನೀರು ಸೇದುತ್ತಿದ್ದರು. ಅವನು ವಲ್ಲಿ ಬಿಚ್ಚಿದ. ಮೀನನ್ನು ಕಲ್ಲಿನ ಮೇಲೆ ಇಟ್ಟು ಹೊಲಿಗೆ ಬಿಚ್ಚಿದ. ಗುಂಡು ಟಣ್ಣೆಂದು ಕೆಳಗೆ ಬಿತ್ತು.

ಅವನಿಂದ ಎಲ್ಲವನ್ನೂ ಕೇಳಿದ ಮೇಲೂ ಶಿವಲಿಂಗವ್ವನಿಗೆ ಒಂದು ಆಸೆ ಉಳಿದಿತ್ತು. ಅವಳ ಅತ್ತೆಯ ಕಾಲದ ಬಾವಿ ಅದು. "ಅವರ ಹೊಂಡದ ನೀರು ಕೆಟ್ಟಿದ್ದೀತ್ರಿ. ನಮ್ಮ ಬಾವಿದೂ ಕೆಟ್ಟೈತೇನ? ನಿಮ್ಮ ಜೀವಂತ ಮೀನ ಒಂದ ಬಿಡ್ರಿ, ನೋಡೂಣು," ಎಂದಳು.

ತಾಜಾ ಸೇದಿದ ಬಕೆಟ್ಟಿಗೆ ಒಂದು ಮೀನು ಬಿಟ್ಟರು. ಅದು ಚಂಗನೆ ಹಾರಿತು, ತಳ ಮುಟ್ಟಿತು, ಮೇಲೆ ಬಂತು. ಹೆಂಗಸರು ಉಸಿರು ಬಿಟ್ಟರು, ಒಬ್ಬಳು ನಕ್ಕಳು ಕೂಡ. ಕೊಡ ತುಂಬುವ ಕೆಲಸ ಮತ್ತೆ ಸುರುವಾಯಿತು. ಅಮೀನಸಾಬ ಮಾತ್ರ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಮೀನು ತಳಕ್ಕೆ ಇಳಿಯುವುದನ್ನು ಬಿಟ್ಟಿತು. ಆಮೇಲೆ ತಿರುಗುವುದನ್ನೂ ಬಿಟ್ಟಿತು. ಬಕೆಟ್ಟಿನ ಅಂಚು ಹಿಡಿದು ಎಡಕ್ಕೆ, ಎಡಕ್ಕೆ, ಸುತ್ತತೊಡಗಿತು. ಇಲ್ಲಿ ಪಂಪೂ ಇರಲಿಲ್ಲ, ಸೀಸವೂ ಇರಲಿಲ್ಲ. ಶಿವಲಿಂಗವ್ವ ಬೆರಳು ಅಡ್ಡ ಇಟ್ಟಳು. ಮೀನು ಬೆರಳಿಗೆ ಬಡಿದು, ಮತ್ತೆ ಎಡಕ್ಕೇ ಹೋಯಿತು.

ಶಿವಲಿಂಗವ್ವ ಎದ್ದು ಬಾವಿಯ ಗಡಗಡಿಯಿಂದ ಹಗ್ಗ ಬಿಚ್ಚಿ ಸುತ್ತಿಟ್ಟಳು. "ಇವತ್ತಿನಿಂದ ಮಾರುತಿ ಗುಡಿ ಕಡೀ ಬಾವಿ. ದೂರ ಆದ್ರ ಆಗ್ಲಿ, ಹೊರತೀವಿ. ಆ ಫಳಫಳ ಅನ್ನೂ ಲೋಟಾನೂ ಬ್ಯಾಡ, ಇಂಥಾ ಥಳಕಿನ ಸಾಮಾನ ಇನ್ನ ಒಂದೂ ಮನ್ಯಾಗ ಬರೂದ ಬ್ಯಾಡ. ಎಲ್ಲಾ ತರ್ರಿ, ನಾಳೆ ಅವರ ಬಾಗಿಲಿಗೆ ಒಗದ ಬರೂಣು," ಎಂದಳು. ಹೆಂಗಸರು ತುಂಬಿದ ಕೊಡಗಳನ್ನು ನೆಲಕ್ಕೆ ಚೆಲ್ಲಿ ಮನೆಗೆ ನಡೆದರು.

ಜೋಹರಾ ಏಳಲಿಲ್ಲ. ಬಕೆಟ್ಟನ್ನೇ ನೋಡುತ್ತಿದ್ದಳು. ಅಮೀನಸಾಬ ಮಗಳ ಎದುರು ಕೈ ಜೋಡಿಸಿದ.

"ನನ್ನ ಮೀನ ನೋಡಿ ನಂಬಿದಿ ಬೇಟಾ. ತಪ್ಪ ನಂದು. ನಡಿ, ಸಂಜಿ ಗಾಡಿಗೆ ಖಾನಾಪುರಕ್ಕ ಹೋಗೂಣು. ಹೆರಿಗಿ ಆಗೂತನಾ ಹೊಳಿ ನೀರ ಕುಡಿ. ಎಲ್ಲಾ ಸರಿ ಆಗತೈತಿ."

"ಅಬ್ಬಾ," ಎಂದಳು ಜೋಹರಾ, ಮೆಲ್ಲಗೆ. "ಕೂಸು ಮೊದಲ ಒದೀತಿತ್ತು. ಈಗ ತಿಂಗಳಾತು, ಒದಿಯಂಗಿಲ್ಲ. ಹಗಲೂ ರಾತ್ರಿ ಸುತ್ತತೈತಿ. ಅತ್ತಿ ಅಂತಾರ, ಆಟಗುಳಿ ಐತಿ ಅಂತ."

ಯಾವ ಕಡೆಗೆ ಎಂದು ಕೇಳುವ ಧೈರ್ಯ ಅಮೀನಸಾಬನಿಗೆ ಬರಲಿಲ್ಲ. ಅವನು ಕೇಳದಿದ್ದರೂ ಜೋಹರಾ ಹೊಟ್ಟೆಯ ಮೇಲೆ ಬೆರಳಿಟ್ಟು, ಎಡಕ್ಕೆ, ಎಡಕ್ಕೆ, ಸುತ್ತು ಬರೆದು ತೋರಿಸಿದಳು.